ಉತ್ತರಪತ್ರಿಕೆಯ ಮೇಲೆ ನಿಂತ ವಿಶ್ವವಿದ್ಯಾಲಯ

ರಾಜ್ಯದ ವಿಶ್ವವಿದ್ಯಾಲಯಗಳು ಹಣವಿಲ್ಲವೆಂದು ಸರ್ಕಾರದ ಬಾಗಿಲಿಗೆ ಹೋದಾಗಲೆಲ್ಲ ದೊರೆಯುವ ಉತ್ತರ ಒಂದೇ: ಆಂತರಿಕ ಸಂಪನ್ಮೂಲ ಹೆಚ್ಚಿಸಿಕೊಳ್ಳಿ. ಕೇಳಲು ಇದು ವಿವೇಕದ ಮಾತು. ಆದರೆ ಆ ಸಂಪನ್ಮೂಲ ಯಾರ ಜೇಬಿನಿಂದ ಬರುತ್ತದೆ ಎಂಬುದನ್ನು ಕಾರವಾರದ ಹಬ್ಬುವಾಡದಲ್ಲೋ ಅಂಕೋಲೆಯಲ್ಲೋ ನಿಂತು ನೋಡಬೇಕು.

1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡು ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಉತ್ತರ ಕನ್ನಡ ಜಿಲ್ಲೆ ಸೇರಿದೆ. ಇಲ್ಲಿಯ ಪದವಿ ವಿದ್ಯಾರ್ಥಿಗೆ ಪಾಠ ಹೇಳುವುದು ಊರಿನ ಕಾಲೇಜು. ಪರೀಕ್ಷೆ ನಡೆಸಿ ಪದವಿ ನೀಡುವುದು ಘಟ್ಟದ ಮೇಲಿನ ವಿಶ್ವವಿದ್ಯಾಲಯ. ಕಾಲೇಜು ಸಂಯೋಜನಾ ಶುಲ್ಕ ಕಟ್ಟುತ್ತದೆ. ವಿದ್ಯಾರ್ಥಿ ಪರೀಕ್ಷೆಗೆ, ಅಂಕಪಟ್ಟಿಗೆ, ಮರುಮೌಲ್ಯಮಾಪನಕ್ಕೆ, ಕೊನೆಗೆ ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಹಣ ಕಟ್ಟುತ್ತಾನೆ. ಅನುತ್ತೀರ್ಣನಾದವನು ಮತ್ತೊಮ್ಮೆ ಕಟ್ಟುತ್ತಾನೆ. ಸೋತವನಿಂದ ಹೆಚ್ಚು ವಸೂಲಾಗುವ ಇಂಥ ಆದಾಯವನ್ನು ಸ್ವಾವಲಂಬನೆಯೆಂದು ಕರೆಯುವುದು ಹೇಗೆ?

ಈ ಚಿಂತನೆ ಹೊಸದಲ್ಲ. ಯುಜಿಸಿ ನೇಮಿಸಿದ್ದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು 1993ರಲ್ಲಿಯೇ, ವಿಶ್ವವಿದ್ಯಾಲಯಗಳು ಆವರ್ತಕ ವೆಚ್ಚದ ಶೇ 15ರಷ್ಟನ್ನು ಐದು ವರ್ಷಗಳಲ್ಲಿ, ಶೇ 25ರಷ್ಟನ್ನು ಹತ್ತು ವರ್ಷಗಳಲ್ಲಿ ತಾವೇ ಗಳಿಸಬೇಕೆಂದು ಹೇಳಿತ್ತು. ಉಳಿದ ಮುಕ್ಕಾಲು ಪಾಲು ಸರ್ಕಾರದ್ದೇ ಎಂಬ ಅರ್ಥವೂ ಅದರೊಳಗಿತ್ತು. ಮೊದಲ ಭಾಗ ಎಲ್ಲರ ಬಾಯಲ್ಲಿದೆ. ಎರಡನೆಯದು ಕಡತದಲ್ಲಿ ಉಳಿದಿದೆ.

ಶುಲ್ಕವನ್ನೇ ನೆಚ್ಚಿದ ಸಂಸ್ಥೆಗೆ ಕಾಲೇಜುಗಳ ಸಂಖ್ಯೆಯೇ ಆಸ್ತಿ. ಧಾರವಾಡದಿಂದ 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಬೇರ್ಪಟ್ಟವು. ಕಾಲೇಜುಗಳು ಹೋದವು, ಅವುಗಳೊಡನೆ ಶುಲ್ಕವೂ ಹೋಯಿತು. ಹಳೆಯ ನೌಕರರ ಪಿಂಚಣಿಯ ಹೊರೆ ಮಾತ್ರ ಹಂಚಿಹೋಗಲಿಲ್ಲ. ಹೊಸದಾಗಿ ಹುಟ್ಟಿದವಕ್ಕೂ ನೆಲೆ ದೊರೆಯಲಿಲ್ಲ. 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಾವೇರಿಯೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಲೇಸೆಂಬ ಅಭಿಪ್ರಾಯಕ್ಕೆ ಬಂದಿತು.

ಗಳಿಕೆಯ ಆತುರ ಎಲ್ಲಿಗೆ ಒಯ್ಯಬಲ್ಲುದು ಎಂಬುದಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ನಿದರ್ಶನವಿದೆ. ಖಾಸಗಿ ಸಂಸ್ಥೆಗಳೊಡನೆ ಕೈಜೋಡಿಸಿ ರಾಜ್ಯದ ಹೊರಗೂ ಕೋರ್ಸುಗಳನ್ನು ನಡೆಸಿದ್ದಕ್ಕಾಗಿ, 2012–13ರಿಂದ ಅದರ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಅತಂತ್ರರಾದವರು ವಿದ್ಯಾರ್ಥಿಗಳು.

ಹಾಗಾದರೆ ಸಂಶೋಧನೆ, ಸಲಹಾ ಸೇವೆಗಳಿಂದ ಗಳಿಸಬಾರದೆ? ಗಳಿಸಬಹುದು, ಆದರೆ ಎಚ್ಚರ ಬೇಕು. ಕಾರವಾರದ ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಸುತ್ತಲೂ ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ, ಬಂದರು ಯೋಜನೆಗಳಿವೆ. ಅಂಕೋಲೆಯ ಕೇಣಿಯಲ್ಲಿ ಉದ್ದೇಶಿಸಿದ ಬಂದರಿನ ವಿರುದ್ಧ ಮೀನುಗಾರರು 2025ರಲ್ಲಿ ಬೀದಿಗಿಳಿದರು. ನಮ್ಮ ದೇಶದಲ್ಲಿ ಪರಿಸರ ಪರಿಣಾಮದ ಅಧ್ಯಯನಕ್ಕೆ ಹಣ ಕೊಡುವವರು ಯೋಜನೆಯನ್ನು ಕೈಗೊಳ್ಳುವವರೇ. ಅದೇ ಹಣವನ್ನು ನೆಚ್ಚಿ ವಿಶ್ವವಿದ್ಯಾಲಯವೂ ಬದುಕಬೇಕಾದರೆ, ಕಡಲಿನ ಪರವಾಗಿ ನಿರ್ಭೀತಿಯಿಂದ ನುಡಿಯುವ ವಿಜ್ಞಾನಿಯನ್ನು ಮೀನುಗಾರ ಎಲ್ಲಿ ಹುಡುಕಬೇಕು?

ಈ ಜಿಲ್ಲೆ ಶಿಕ್ಷಣಕ್ಕಾಗಿ ಕೈಚಾಚಿ ಕುಳಿತದ್ದಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಬಡವರ ಮಕ್ಕಳಿಗಾಗಿ ಊರೂರಿನಲ್ಲಿ ಶಾಲೆಗಳನ್ನು ತೆರೆಯಿತು. 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜನ್ನೂ ತಂದಿತು. ಸಮಾಜ ತನ್ನ ಪಾಲು ಸಲ್ಲಿಸಿದೆ. ವೇತನ, ಪಿಂಚಣಿ, ಪ್ರಯೋಗಾಲಯಗಳ ಹೊಣೆಯನ್ನು ಸರ್ಕಾರ ಹೊರಲಿ; ಸಲಹಾ ಸೇವೆಯ ಹಣ ಅದರ ಮೇಲಿನ ಗಳಿಕೆಯಾಗಿರಲಿ, ವರದಿಗಳು ಸಾರ್ವಜನಿಕರ ಕೈಗೆ ಸಿಗಲಿ. ಪರೀಕ್ಷಾ ಶುಲ್ಕವು ಪರೀಕ್ಷೆಯ ವೆಚ್ಚವನ್ನು ಮೀರದಿರಲಿ. ಬೊಕ್ಕಸದ ಕೊರತೆಯನ್ನು ತುಂಬಿಕೊಡುವ ಕೆಲಸ ಮೀನುಗಾರನ ಮಗಳದ್ದಲ್ಲ.