ತೊಟ್ಟಿಲ ತೂಕ, ಮನದ ಬೇನೆ, ಮಧುಮೇಹ

ತೀವ್ರ ಮನೋವ್ಯಾಧಿಯುಳ್ಳವರ ಮನೆಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಸಂಗತಿಯೊಂದುಂಟು. ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ತಾಯಿ ಇರುತ್ತಾಳೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವ ಅಣ್ಣ ಇರುತ್ತಾನೆ. ಆದರೆ ರೋಗಿಯ ರಕ್ತದಲ್ಲಿನ ಸಕ್ಕರೆಯನ್ನು ವರ್ಷಗಟ್ಟಲೆ ಯಾರೂ ಪರೀಕ್ಷಿಸಿರುವುದಿಲ್ಲ. ಆತ ಪದೇ ಪದೇ ನೀರು ಕುಡಿಯುವುದನ್ನೂ, ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವುದನ್ನೂ ಮನಸ್ಸಿನ ಕಾಯಿಲೆಯ ಲಕ್ಷಣವೆಂದೇ ಎಣಿಸಿ ಮನೆಯವರು ಸುಮ್ಮನಾಗುತ್ತಾರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ವ್ಯಾಧಿಗಳಿರುವವರಲ್ಲಿ ಮಧುಮೇಹವು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಇದರ ಕಾರಣಗಳನ್ನು ಅರಸುತ್ತ ಹೋದರೆ ಅವುಗಳಲ್ಲಿ ಒಂದು ನಮ್ಮನ್ನು ತಾಯಿಯ ಗರ್ಭದವರೆಗೂ ಕರೆದೊಯ್ಯುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರ ಚಳಿಗಾಲದಲ್ಲಿ, ನೆದರ್ಲೆಂಡ್ಸ್ ದೇಶದ ಪಶ್ಚಿಮ ಭಾಗವು ಘೋರ ಬರಕ್ಕೆ ತುತ್ತಾಯಿತು. ಆಹಾರ ಸಾಗಣೆಯನ್ನು ಜರ್ಮನ್ ಆಡಳಿತ ತಡೆದಿತ್ತು. ಒಬ್ಬರಿಗೆ ದಿನಕ್ಕೆ ದೊರೆಯುತ್ತಿದ್ದ ಪಡಿತರವು 1000 ಕ್ಯಾಲೊರಿಗಿಂತಲೂ ಕೆಳಗಿಳಿಯಿತು. 1945ರ ಮೇ ತಿಂಗಳಲ್ಲಿ ಬಿಡುಗಡೆ ದೊರೆತು ಅನ್ನ ಮರಳಿತು. ಆದರೆ ಆ ತಿಂಗಳುಗಳಲ್ಲಿ ಗರ್ಭದಲ್ಲಿದ್ದ ಶಿಶುಗಳ ದೇಹವು ಬರವನ್ನು ಮರೆಯಲಿಲ್ಲ. ಗರ್ಭದ ನಡು ಮತ್ತು ಕೊನೆಯ ತಿಂಗಳುಗಳಲ್ಲಿ ಹಸಿವನ್ನುಂಡವರು ಐವತ್ತರ ವಯಸ್ಸು ತಲುಪಿದಾಗ, ಅವರ ದೇಹ ಸಕ್ಕರೆಯನ್ನು ಸರಿಯಾಗಿ ನಿಭಾಯಿಸದಿರುವುದು ಪರೀಕ್ಷೆಯಲ್ಲಿ ಕಂಡುಬಂದಿತು. ಬರವು ಪರಾಕಾಷ್ಠೆಗೇರಿದ್ದಾಗ ಗರ್ಭಾಂಕುರವಾದವರಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಇಮ್ಮಡಿಯಾಗಿತ್ತು. ಒಂದೇ ಹಸಿವು, ತಗುಲಿದ ಕಾಲಕ್ಕೆ ತಕ್ಕಂತೆ, ಒಬ್ಬರ ಮೈಯನ್ನೂ ಇನ್ನೊಬ್ಬರ ಮನಸ್ಸನ್ನೂ ಹಿಡಿದಿತ್ತು.

ಪೋಷಣೆ ಸಾಲದ ಭ್ರೂಣವು ಇದ್ದುದರಲ್ಲೇ ಮೆದುಳನ್ನು ಕಾಪಾಡಿಕೊಳ್ಳಲು ಯತ್ನಿಸುತ್ತದೆ. ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿಗೂ ಸ್ನಾಯುಗಳಿಗೂ ಪಾಲು ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ ಎಂಬ ವೈದ್ಯ ವಿಜ್ಞಾನಿಗಳು 1992ರಲ್ಲಿ ಮಂಡಿಸಿದ ವಿಚಾರವಿದು. ಕೊರತೆಯಲ್ಲಿ ಬಾಳಲು ಸಿದ್ಧವಾದ ಆ ದೇಹಕ್ಕೆ ಮುಂದೆ ಸಮೃದ್ಧಿಯೇ ಭಾರವಾಗುತ್ತದೆ.

ನಮ್ಮ ಮೈಸೂರಿನ ಕಥೆ ತುಸು ಬೇರೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಆ ಹಳೆಯ ಪುಸ್ತಕಗಳನ್ನು ಹಿಡಿದು ದೊಡ್ಡವರಾದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಾಗಿ ದುಂಡಗಿದ್ದವರಲ್ಲಿ, ತಾಯಂದಿರು ಭಾರವಾಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಬಸುರಿಯ ರಕ್ತದಲ್ಲಿ ಸಕ್ಕರೆ ಏರಿದರೂ ಶಿಶುವಿಗೆ ಅಪಾಯವೇ. ಎರಡೂವರೆ ಕಿಲೋಗಿಂತ ಕಡಿಮೆ ತೂಕವಷ್ಟೇ ಚಿಂತೆಗೆ ಕಾರಣವಲ್ಲವೆಂಬುದನ್ನು ನಮ್ಮ ಹಿರಿಯರೂ ಅರಿಯಬೇಕು. ದುಂಡು ಮಗುವನ್ನು ಕಂಡು ಹಿಗ್ಗುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ.

ಇಷ್ಟು ಓದಿ ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬಾರದು. ಅಂದು ತಟ್ಟೆಯಲ್ಲಿ ಏನಿತ್ತೋ ಅದನ್ನೇ ಆಕೆ ಉಂಡಳು. ಅಲ್ಲದೆ ಹುಟ್ಟಿನ ತೂಕವು ಹಲವು ಕಾರಣಗಳಲ್ಲಿ ಒಂದು ಮಾತ್ರ.

ಔಷಧಿಯ ಮಾತು ಇದಕ್ಕಿಂತ ತುರ್ತಿನದು. ಓಲಾಂಜಪಿನ್, ಕ್ಲೋಜಪಿನ್ ಮುಂತಾದ ಮಾತ್ರೆಗಳು ಕದಡಿದ ಮನಸ್ಸನ್ನು ನೆಲೆಗೆ ತರುತ್ತವೆ. ಜೊತೆಗೆ ಹಸಿವನ್ನು ಕೆರಳಿಸಿ ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲವು. ಸೊರಗಿದ್ದ ಮಗ ಮೈತುಂಬಿಕೊಂಡನೆಂದು ಮನೆಯವರು ಸಂತೋಷಪಡುವ ತಿಂಗಳುಗಳಲ್ಲೇ ಮಧುಮೇಹ ಕಾಲಿಡುವುದುಂಟು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ರೋಗ ಮರುಕಳಿಸಿ ಅನಾಹುತವಾದೀತು. ಪ್ರಮಾಣವನ್ನು ತಗ್ಗಿಸುವುದೋ ಮಾತ್ರೆಯನ್ನು ಬದಲಿಸುವುದೋ ವೈದ್ಯರ ಕೆಲಸ.

ಔಷಧಿ ಆರಂಭಿಸುವ ಮುನ್ನ, ಮೂರು ತಿಂಗಳ ನಂತರ, ಆಮೇಲೆ ವರ್ಷಕ್ಕೊಮ್ಮೆಯಾದರೂ ಸಕ್ಕರೆಯ ಪರೀಕ್ಷೆಯಾಗಬೇಕು. ಬರಿಹೊಟ್ಟೆಯಲ್ಲಿ ಅದು 100 ದಾಟಿದರೆ ಎಚ್ಚರ ಬೇಕು. 126 ಅಥವಾ ಅದಕ್ಕೂ ಮೇಲಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಅದು ಮಧುಮೇಹ. ತೂಕವನ್ನು ತಿಂಗಳಿಗೊಮ್ಮೆ ಮನೆಯಲ್ಲೇ ಬರೆದಿಡಬಹುದು. ರೋಗಿಯೊಬ್ಬನನ್ನೇ ನಡೆಯಲು ಕಳುಹಿಸಿದರೆ ಆತ ಹೋಗಲಾರ. ಮನೆಯವರೊಬ್ಬರು ಜೊತೆಗೆ ನಡೆಯಬೇಕು. ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆಯಿದೆ, ಹುಟ್ಟಿದಾಗ ಈತನ ತೂಕವೆಷ್ಟಿತ್ತು ಎಂಬುದನ್ನೂ ವೈದ್ಯರಿಗೆ ತಿಳಿಸಿರಿ. ಚೀಟಿ ಕಳೆದುಹೋಗಿದ್ದರೆ ತಾಯಿಯನ್ನು ಕೇಳಿರಿ; ಆಕೆಗೆ ನೆನಪಿರುತ್ತದೆ.