ಉರಿವ ಗಜ್ಜರಿಯೂ ಸಲಿಕೆಯ ವೀರನೂ

1999ನೆಯ ಇಸವಿಯ ಆಗಸ್ಟ್ 6ರಂದು ಅಮೆರಿಕದಲ್ಲಿ ತೆರೆಕಂಡ ‘ಮಿಸ್ಟರಿ ಮೆನ್’ ಎಂಬ ಹಾಸ್ಯಚಿತ್ರವನ್ನು ನಾನು ನೋಡಿದ್ದು ಅದರ ಸದ್ದೆಲ್ಲ ಅಡಗಿ ಬಹುಕಾಲವಾದ ಮೇಲೆ, ಮಿತ್ರರೊಬ್ಬರು ಎರವಲು ಕೊಟ್ಟ ಡಿಸ್ಕೊಂದರಲ್ಲಿ. ಎರಡನೆಯ ದರ್ಜೆಯ, ಮೂರನೆಯ ದರ್ಜೆಯ ಸೂಪರ್‌ಹೀರೋಗಳ ಪಡೆಯೊಂದು, ತಮ್ಮನ್ನು ಯಾರೂ ಕರೆಯದಿದ್ದರೂ ತಾವಾಗಿಯೇ ಊರನ್ನು ಕಾಯಲು ಹೊರಡುವ ಕಥೆ ಅದು. ನಕ್ಕು ನಕ್ಕು ಕಣ್ಣೊರೆಸಿಕೊಂಡದ್ದು ನಿಜ. ಆದರೆ ಈ ಕಥೆಗೆ ಬಾಬ್ ಬರ್ಡನ್ ಎಂಬ ಕಲಾವಿದನ ಕಾಮಿಕ್ ಪುಸ್ತಕಗಳು ಮೂಲವೆಂದು ತಿಳಿದು, ಆ ಮೂಲವನ್ನು ಹುಡುಕಿಕೊಂಡು ಹೋದಾಗ ಎದುರಾದ ಸಂಗತಿ ನನ್ನ ನಗೆಯನ್ನು ಅರ್ಧದಲ್ಲಿಯೇ ನಿಲ್ಲಿಸಿತು. ಮೂಲದ ಹೆಸರು ‘ಫ್ಲೇಮಿಂಗ್ ಕ್ಯಾರಟ್ ಕಾಮಿಕ್ಸ್’, ಎಂದರೆ ಉರಿಯುವ ಗಜ್ಜರಿಯ ಕಥೆಗಳು. ಎರಡು ಗಂಟೆಯ ಆ ಚಿತ್ರದಲ್ಲಿ ಗಜ್ಜರಿ ಎಂಬುವನೊಬ್ಬ ಎಲ್ಲಿಯೂ ಇಲ್ಲ. ಮನೆಯ ಯಜಮಾನನನ್ನು ಜಗುಲಿಯ ಮೇಲೆಯೇ ನಿಲ್ಲಿಸಿ, ಅವನ ಅತಿಥಿಗಳನ್ನು ಮಾತ್ರ ಒಳಕ್ಕೆ ಕರೆದು ಪಂಕ್ತಿಯಲ್ಲಿ ಕೂರಿಸಿದಂತಾಗಿತ್ತು ಆ ವ್ಯವಸ್ಥೆ.

ಯಾರು ಈ ಗಜ್ಜರಿ? 1979ರಲ್ಲಿ, ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ನಗರದಲ್ಲಿ ನಡೆಯುತ್ತಿದ್ದ ಕಾಮಿಕ್ ಪ್ರಿಯರ ಮೇಳವೊಂದರ ‘ವಿಷನ್ಸ್’ ಎಂಬ ಸಂಚಿಕೆಯಲ್ಲಿ ಅವನ ಪ್ರಥಮ ದರ್ಶನವಾಯಿತು. ಮುಖವನ್ನೂ ಮೀರಿ ಮೇಲಕ್ಕೆ ಚಾಚಿದ ಬೃಹದಾಕಾರದ ಗಜ್ಜರಿಯ ಮುಖವಾಡ, ಎಲೆಯಿರಬೇಕಾದ ನೆತ್ತಿಯಲ್ಲಿ ಸದಾ ಉರಿಯುತ್ತಿರುವ ಜ್ವಾಲೆ, ಕಾಲಿಗೆ ಈಜುಗಾರರು ತೊಡುವ ಅಗಲವಾದ ರಬ್ಬರಿನ ಪಾದರಕ್ಷೆ: ಇದು ಅವನ ವೇಷ. ಅಣುಶಕ್ತಿಯಿಂದ ನಡೆಯುವ ಕುಪ್ಪಳಿಸುವ ಕೋಲೊಂದು ಅವನ ವಾಹನ. ಹಾರುವ ಶಕ್ತಿಯಿಲ್ಲ, ಗೋಡೆಯನ್ನು ಭೇದಿಸುವ ದೃಷ್ಟಿಯಿಲ್ಲ, ಅನ್ಯಗ್ರಹದ ಜನ್ಮವಿಲ್ಲ. ಅವನ ಉತ್ಪತ್ತಿಯ ಕಥೆಯನ್ನು ಬರ್ಡನ್ ಕಲ್ಪಿಸಿರುವ ಬಗೆಯೇ ನನ್ನನ್ನು ಸೆರೆಹಿಡಿದದ್ದು: ಪಂದ್ಯವೊಂದನ್ನು ಗೆಲ್ಲುವ ಹಟದಿಂದ ಈ ಮನುಷ್ಯ ಒಂದೇ ಕೂರುವಿಕೆಯಲ್ಲಿ 5,000 ಕಾಮಿಕ್ ಪುಸ್ತಕಗಳನ್ನು ಓದಿ ಮುಗಿಸಿದನಂತೆ; ಓದಿ ಎದ್ದಾಗ ಅವನ ಮಿದುಳಿನ ಬಹುಭಾಗ ನಷ್ಟವಾಗಿ, ಉಳಿದ ಭಾಗದಲ್ಲಿ ತಾನು ಲೋಕರಕ್ಷಕನೆಂಬ ನಿಶ್ಚಯವೊಂದು ಮಾತ್ರ ನೆಲೆಗೊಂಡಿತಂತೆ.

ವೀರಕಥೆಗಳನ್ನು ಮಿತಿಮೀರಿ ಓದಿ ಬುದ್ಧಿ ಕದಲಿಸಿಕೊಂಡು, ತುಕ್ಕುಹಿಡಿದ ಕವಚವನ್ನು ತೊಟ್ಟು ಹೊರಟ ಆ ಸ್ಪೇನ್ ದೇಶದ ಮುದುಕ ಡಾನ್ ಕ್ವಿಕ್ಸೋಟನ ವಂಶ ಇದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸರ್ವಾಂಟಿಸ್‌ನ ಆ ಗ್ರಂಥದ ಮೊದಲ ಭಾಗ ಹೊರಬಂದದ್ದು 1605ರಲ್ಲಿ. ಓದುಗನೇ ವೀರನಾಗುವ ಹುಚ್ಚು ಅಂದಿನಿಂದ ಇಂದಿನವರೆಗೆ ಜೀವಂತವಾಗಿರುವುದಕ್ಕೆ ಕಾರಣ, ಪುಸ್ತಕವನ್ನು ಮುಚ್ಚಿದ ಬಳಿಕವೂ ಅದರೊಳಗಿನ ಲೋಕ ನಮ್ಮನ್ನು ಬಿಡದೆ ಹಿಂಬಾಲಿಸುವ ಅನುಭವ ಬಾಲ್ಯದಲ್ಲಿ ಓದಿನ ಗೀಳು ಹತ್ತಿದ ಪ್ರತಿಯೊಬ್ಬರಿಗೂ ಸ್ವಂತದ್ದೇ ಆಗಿರುವುದು. ಬರ್ಡನ್ ಆ ಅನುಭವವನ್ನು ಅಪಹಾಸ್ಯ ಮಾಡಲಿಲ್ಲ, ಅದಕ್ಕೊಂದು ಜ್ವಾಲೆಯ ಕಿರೀಟವನ್ನೇ ತೊಡಿಸಿದನು. 1981ರಲ್ಲಿ ಗಜ್ಜರಿಯ ಪುಸ್ತಕವೊಂದನ್ನು ಸ್ವಂತ ಖರ್ಚಿನಿಂದಲೇ ಅಚ್ಚುಹಾಕಿಸಿದನು. 1984ರಲ್ಲಿ ಕೆನಡಾದ ಡೇವ್ ಸಿಮ್‌ರ ಆರ್ಡ್‌ವಾರ್ಕ್-ವನಹೈಮ್ ಸಂಸ್ಥೆ ಅದನ್ನು ಮಾಲಿಕೆಯಾಗಿ ಕೈಗೆತ್ತಿಕೊಂಡಿತು. ಅಲ್ಲಿಂದ ರೆನೆಗೇಡ್ ಪ್ರೆಸ್, ಅಲ್ಲಿಂದ ಡಾರ್ಕ್ ಹಾರ್ಸ್, ಹೀಗೆ ಬಾಡಿಗೆ ಮನೆ ಬದಲಾಯಿಸುವ ಸಂಸಾರಿಯಂತೆ ಗಜ್ಜರಿ ಪ್ರಕಾಶಕರ ಮನೆಯಿಂದ ಮನೆಗೆ ಸಾಗಿದನು.

ಈ ಯಾತ್ರೆಯ ನಡುವೆ, 1987ರಲ್ಲಿ, ಮಾಲಿಕೆಯ 16ನೆಯ ಸಂಚಿಕೆಯಲ್ಲಿ ‘ಮಿಸ್ಟರಿ ಮೆನ್’ ಎಂಬ ಗುಂಪು ಕಾಣಿಸಿಕೊಂಡಿತು. ಸಲಿಕೆಯನ್ನೇ ಆಯುಧವಾಗಿ ಹಿಡಿದ ಶವಲರ್, ಕೋಪವೊಂದೇ ಬಂಡವಾಳವಾದ ಮಿಸ್ಟರ್ ಫ್ಯೂರಿಯಸ್ ಮುಂತಾದ, ಮೈಮುರಿದು ದುಡಿಯುವ ವರ್ಗದ ವೀರರ ಕೂಟವದು. ಹೆಸರನ್ನು ಬರ್ಡನ್ ಎತ್ತಿಕೊಂಡದ್ದು ಹಳೆಯ ಉಗ್ರಾಣದಿಂದ: ‘ಸೂಪರ್‌ಹೀರೋ’ ಎಂಬ ಪದ ಎಲ್ಲರ ಬಾಯಿಗೆ ಬರುವುದಕ್ಕೆ ಮುಂಚೆ ಮುಸುಕು ತೊಟ್ಟ ಸಾಹಸಿಗಳನ್ನು ಅಲ್ಲಿಯ ಜನ ಕರೆಯುತ್ತಿದ್ದುದೇ ‘ಮಿಸ್ಟರಿ ಮೆನ್’ ಎಂದು, 1939ರಲ್ಲಿ ಅದೇ ಹೆಸರಿನ ಕಾಮಿಕ್ ಪತ್ರಿಕೆಯೊಂದು ‘ಬ್ಲೂ ಬೀಟಲ್’ ಎಂಬ ವೀರನನ್ನು ಮೊದಲಬಾರಿಗೆ ಪರಿಚಯಿಸಿತ್ತು.

ವೀರರನ್ನು ಗೇಲಿಮಾಡುವ ಕಲೆಯನ್ನು ಬರ್ಡನ್ ಕಂಡುಹಿಡಿದನೆಂದು ಹೇಳಿದರೆ ಅದು ಅನ್ಯಾಯವಾದೀತು. 1953ರಲ್ಲಿ ‘ಮ್ಯಾಡ್’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಹಾರ್ವಿ ಕರ್ಟ್ಸ್‌ಮನ್ ಮತ್ತು ವಾಲಿ ವುಡ್ ‘ಸೂಪರ್‌ಡೂಪರ್‌ಮ್ಯಾನ್’ ಎಂಬ ಅಣಕವನ್ನು ಬರೆದು ಈ ದಾರಿಯನ್ನು ತೆರೆದಿದ್ದರು. ಆದರೆ ನನ್ನ ಮನಸ್ಸಿಗೆ ಹೆಚ್ಚು ಸಮೀಪವಾದ ಪೂರ್ವಜರೆಂದರೆ 1963ರಲ್ಲಿ ‘ಅಡ್ವೆಂಚರ್ ಕಾಮಿಕ್ಸ್’ನಲ್ಲಿ ಹುಟ್ಟಿದ ಬದಲಿ ವೀರರ ಪಡೆ. ಮಹಾವೀರರ ಸಂಘಕ್ಕೆ ಅರ್ಜಿ ಹಾಕಿ, ಪರೀಕ್ಷೆಯಲ್ಲಿ ತಿರಸ್ಕೃತರಾಗಿ, ಅವಮಾನವನ್ನು ನುಂಗಿಕೊಂಡು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡ ತರುಣ ತರುಣಿಯರು ಅವರು. ಅವರಲ್ಲಿ ಸ್ಟೋನ್ ಬಾಯ್ ಎಂಬವನು ಬೇಕೆಂದಾಗ ಕಲ್ಲಾಗಬಲ್ಲ; ಕಲ್ಲಾದ ಮೇಲೆ, ಅಹಲ್ಯೆಯಂತೆ, ಅಲುಗಾಡಲಾರ. ನೈಟ್ ಗರ್ಲ್ ಎಂಬಾಕೆಯ ಅಪಾರ ಬಲ ಸೂರ್ಯನ ಬೆಳಕು ಬಿದ್ದೊಡನೆ ಇಲ್ಲವಾಗುವುದು. ಇಂಥ ಕುಂದುಳ್ಳ ವರಗಳನ್ನು ಹೊತ್ತವರ ಮೇಲೆ ಆ ಕಥೆಗಾರರು ತೋರಿದ ಅನುಕಂಪವೇ ಮೂವತ್ತಾರು ವರ್ಷಗಳ ಅನಂತರ ‘ಮಿಸ್ಟರಿ ಮೆನ್’ ಚಿತ್ರದಲ್ಲಿ, ಯಾರೂ ನೋಡದಿದ್ದಾಗ ಮಾತ್ರ ಅದೃಶ್ಯನಾಗಬಲ್ಲ ಇನ್‌ವಿಸಿಬಲ್ ಬಾಯ್‌ನ ರೂಪದಲ್ಲಿ ಮರಳಿ ಬಂದಿತೆಂದು ನಾನು ಭಾವಿಸುತ್ತೇನೆ.

ಕಾಮಿಕ್ ಪುಟದಿಂದ ತೆರೆಗೆ ಸಂದ ಹನ್ನೆರಡು ವರ್ಷಗಳ ವ್ಯವಹಾರದಲ್ಲಿ ಸ್ವಾರಸ್ಯ ಕಡಿಮೆ. ಡಾರ್ಕ್ ಹಾರ್ಸ್ ಸಂಸ್ಥೆಯ ‘ದ ಮಾಸ್ಕ್’ 1994ರಲ್ಲಿ ಜಿಮ್ ಕ್ಯಾರಿಯ ಅಭಿನಯದಿಂದ ಚಿತ್ರವಾಗಿ ಗೆದ್ದಿತ್ತು. ಅದರ ಬೆನ್ನಿಗೆ ಬರ್ಡನ್‌ನ ಪುಸ್ತಕಗಳ ಮೇಲೂ ದೃಷ್ಟಿ ಬಿದ್ದಿತು. ಯೂನಿವರ್ಸಲ್ ಸಂಸ್ಥೆ ಹಣ ಹಾಕಿತು. ನೀಲ್ ಕತ್‌ಬರ್ಟ್ ಚಿತ್ರಕಥೆ ಬರೆದರು. ಜಾಹೀರಾತು ಚಿತ್ರಗಳಲ್ಲಿ ಹೆಸರು ಮಾಡಿದ್ದ ಕಿಂಕಾ ಅಶರ್ ನಿರ್ದೇಶನಕ್ಕೆ ಬಂದರು. ಗಜ್ಜರಿ ಬಿಟ್ಟುಹೋದದ್ದು ಈ ನಡುವೆಯೇ. ನೆತ್ತಿಯಲ್ಲಿ ಬೆಂಕಿ ಉರಿಯುವ, ಮಾತಿಗೂ ತರ್ಕಕ್ಕೂ ಸಿಕ್ಕದ ಆ ಪಾತ್ರವನ್ನು ಲಕ್ಷಾಂತರ ಪ್ರೇಕ್ಷಕರ ಮುಂದೆ ನಿಲ್ಲಿಸುವುದು ಸುಲಭವಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಅವನನ್ನು ಬಿಟ್ಟದ್ದು ತಪ್ಪೆಂದೇ ನನ್ನ ಅಭಿಮತ. ಗಜ್ಜರಿಯ ಊರಾದ ಐರನ್ ಸಿಟಿಯೂ ಮಾಯವಾಗಿ, ಅದರ ಸ್ಥಾನದಲ್ಲಿ ಚಾಂಪಿಯನ್ ಸಿಟಿ ಎಂಬ ಥಳಥಳಿಸುವ ನಗರ ಬಂದಿತು.

ಇಷ್ಟು ಆಕ್ಷೇಪಿಸಿದ ಮೇಲೆ, ಚಿತ್ರದಲ್ಲಿ ಉಳಿದದ್ದರ ಸೊಗಸನ್ನು ಹೇಳದಿದ್ದರೆ ನಾನು ಕೃತಘ್ನನಾದೇನು. ಊರಿನ ಅಧಿಕೃತ ವೀರ ಕ್ಯಾಪ್ಟನ್ ಅಮೇಜಿಂಗ್ ಅಂಗಿಯ ತುಂಬ ಕಂಪನಿಗಳ ಬಿಲ್ಲೆ ಅಂಟಿಸಿಕೊಂಡು ಹೋರಾಡುತ್ತಾನೆ. ತಕ್ಕ ಶತ್ರುಗಳಿಲ್ಲದೆ ಪ್ರಾಯೋಜಕರು ಜಾರತೊಡಗಿದಾಗ, ಹುಚ್ಚಾಸ್ಪತ್ರೆಯಲ್ಲಿದ್ದ ಹಳೆಯ ವೈರಿ ಕ್ಯಾಸನೋವಾ ಫ್ರಾಂಕೆನ್‌ಸ್ಟೈನ್‌ನನ್ನು ತಾನೇ ಮುಂದಾಗಿ ಬಿಡಿಸುತ್ತಾನೆ. ಬಿಡಿಸಿದ ರಾತ್ರಿಯೇ ಅವನ ಸೆರೆಯಾಗುತ್ತಾನೆ. ಅವನನ್ನು ಉಳಿಸಲು ಹೋದ ನಮ್ಮ ಎರಡನೆಯ ದರ್ಜೆಯವರು ಯಂತ್ರದ ಗುಂಡಿಗಳನ್ನು ತಡಕಾಡಿ ಅವನನ್ನೇ ಕೊಂದುಬಿಡುತ್ತಾರೆ. ಇನ್ನು ಊರಿಗೆ ದಿಕ್ಕೆಂದರೆ ಅವರೇ.

ಬೆನ್ ಸ್ಟಿಲ್ಲರ್ ನಟಿಸಿರುವ ಮಿಸ್ಟರ್ ಫ್ಯೂರಿಯಸ್‌ನನ್ನು ಕಂಡಾಗಲೆಲ್ಲ ನನಗೆ ಕುಮಾರವ್ಯಾಸನ ವಿರಾಟಪರ್ವದ ಉತ್ತರನ ನೆನಪಾಗುತ್ತದೆ. ಅಂತಃಪುರದ ಹೆಂಗಳೆಯರ ಮುಂದೆ ಕೌರವಸೇನೆಯನ್ನು ಮಾತಿನಲ್ಲಿಯೇ ಸಂಹರಿಸಿ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡಿದ ರಾಜಕುಮಾರನಂತೆಯೇ ಇವನೂ ಗರ್ಜಿಸುತ್ತಾನೆ, ಗರ್ಜನೆಯಿಂದ ಏನೂ ಆಗುವುದಿಲ್ಲ. ಆದರೆ ಉತ್ತರನಿಗೆ ಬೃಹನ್ನಳೆಯಿದ್ದಳು; ಇವನಿಗೆ ಅಂಥ ಸಾರಥಿಯಿಲ್ಲದೆ, ಕೊನೆಯಲ್ಲಿ ಪ್ರೀತಿಸಿದ ಹುಡುಗಿಗೆ ಅಪಾಯವೊದಗಿದಾಗ ಮಾತ್ರ ನಿಜವಾದ ಕೋಪ ಹೊರಡುತ್ತದೆ. ವಿಲಿಯಂ ಎಚ್. ಮೇಸಿಯ ಶವಲರ್ ಹೆಂಡತಿ ಮಕ್ಕಳುಳ್ಳ ಗೃಹಸ್ಥ. ಸಲಿಕೆ ಹಿಡಿದು ರಾತ್ರಿ ಹೊರಡುವ ಗಂಡನನ್ನು ಕಂಡು ದಣಿದ ಹೆಂಡತಿಯ ಮುಂದೆ ಅವನು ತೋರುವ ಸೌಮ್ಯತೆಯಲ್ಲಿ ಅಣಕದ ಲೇಶವೂ ಇಲ್ಲ. ಬೌಲರ್ ಎಂಬಾಕೆ ತಂದೆಯ ತಲೆಬುರುಡೆಯನ್ನು ಪಾರದರ್ಶಕವಾದ ಚೆಂಡಿನೊಳಗಿಟ್ಟುಕೊಂಡು ಅದರೊಡನೆ ಜಗಳವಾಡುತ್ತಲೇ ಯುದ್ಧಮಾಡುತ್ತಾಳೆ. ಹೊಸಬರನ್ನು ಆರಿಸಿಕೊಳ್ಳಲು ಶವಲರ್‌ನ ಮನೆಯ ಹಿತ್ತಲಲ್ಲಿ ನಡೆಯುವ ಪರೀಕ್ಷೆಯಂತೂ, ಒಬ್ಬರ ಮೇಲೊಬ್ಬರಂತೆ ಚಿತ್ರವಿಚಿತ್ರ ಅಭ್ಯರ್ಥಿಗಳು ಬಂದು ನಿಲ್ಲುವ ಒಂದು ಜಾತ್ರೆ.

ಇವರೆಲ್ಲರ ನಡುವೆ ಭಾರತೀಯನಾದ ನನ್ನ ಕಣ್ಣನ್ನು ಸೆಳೆದವನು ಬ್ಲೂ ರಾಜಾ. ತಲೆಗೆ ಪೇಟ, ನಾಲಿಗೆಗೆ ಹುಸಿಯಾದ ಇಂಗ್ಲಿಷ್ ದೊರೆಗಳ ಉಚ್ಚಾರಣೆ, ಕೈಯಲ್ಲಿ ಎಸೆಯಲು ಊಟದ ಮುಳ್ಳುಚಮಚಗಳು. ಹೆಸರು ನೀಲಿಯಾದರೂ ಉಡುಪಿನಲ್ಲಿ ಹಸಿರೇ ಹೆಚ್ಚು. ಪಾತ್ರವನ್ನು ಮಾಡಿರುವ ಹ್ಯಾಂಕ್ ಅಜಾರಿಯಾ ಅದೇ ಕಾಲದಲ್ಲಿ ‘ದ ಸಿಂಪ್ಸನ್ಸ್’ ಎಂಬ ದೂರದರ್ಶನದ ಚಿತ್ರಮಾಲಿಕೆಯಲ್ಲಿ ಅಪು ಎಂಬ ಭಾರತೀಯ ಅಂಗಡಿಕಾರನಿಗೆ ದನಿ ಕೊಡುತ್ತಿದ್ದ ನಟ. ಆ ದನಿ ಅಮೆರಿಕದಲ್ಲಿ ಬೆಳೆದ ನಮ್ಮವರ ಮಕ್ಕಳನ್ನು ಶಾಲೆಯಲ್ಲಿ ಎಷ್ಟು ನೋಯಿಸಿತೆಂಬುದನ್ನು ಹರಿ ಕೊಂಡಬೋಲು ತಮ್ಮ 2017ರ ಸಾಕ್ಷ್ಯಚಿತ್ರದಲ್ಲಿ ಎತ್ತಿ ಹೇಳಿದರು. 2020ರಲ್ಲಿ ಅಜಾರಿಯಾ ಆ ಪಾತ್ರವನ್ನು ತ್ಯಜಿಸಿದರು. ಹಾಗಾದರೆ ಬ್ಲೂ ರಾಜಾ ಕೂಡ ನಮಗೆ ಅವಮಾನವೇ? ನಾನು ಬಹಳ ಯೋಚಿಸಿ, ಅಲ್ಲವೆಂದು ತೀರ್ಮಾನಿಸಿದ್ದೇನೆ. ಅಪುವಿನಲ್ಲಿ ನಗೆಗೆ ಗುರಿಯಾದವರು ನಾವು. ಬ್ಲೂ ರಾಜನಲ್ಲಿ ಗುರಿಯಾಗಿರುವುದು, ತಾಯಿಯ ಮನೆಯಲ್ಲಿಯೇ ಇನ್ನೂ ವಾಸವಾಗಿದ್ದು, ಎಂದೂ ನೋಡದ ದೇಶದ ರಾಜವೈಭವವನ್ನು ಬಾಡಿಗೆಗೆ ತಂದುಕೊಂಡು ತೊಟ್ಟ ಅಮೆರಿಕದವನ ಕನಸು. ಅವನ ತಾಯಿ ಮಗನ ಗುಟ್ಟನ್ನು ತಿಳಿದು, ಗದರುವುದಕ್ಕೆ ಬದಲಾಗಿ ಹಿಗ್ಗಿ, ಮನೆಯ ಬೆಳ್ಳಿಯ ಚಮಚಗಳನ್ನೇ ತೆಗೆದು ಅವನ ಕೈಗಿಡುವ ದೃಶ್ಯವಿದೆಯಲ್ಲ, ಅದು ಇಡೀ ಚಿತ್ರದ ಹೃದಯ. ಯುದ್ಧಕ್ಕೆ ಹೊರಟ ಮಗನಿಗೆ ವೀಳ್ಯ ಕೊಟ್ಟು ಕಳುಹಿದ ತಾಯಂದಿರ ಕಥೆ ಕೇಳಿ ಬೆಳೆದ ನಮಗೆ ಆ ದೃಶ್ಯದ ಭಾಷೆ ಅಪರಿಚಿತವಲ್ಲ.

ಸುಮಾರು 6 ಕೋಟಿ 80 ಲಕ್ಷ ಡಾಲರುಗಳ ವೆಚ್ಚದಲ್ಲಿ ಸಿದ್ಧವಾದ ಚಿತ್ರ ಅದರ ಅರ್ಧದಷ್ಟನ್ನೂ ಗಳಿಸದೆ ಬಿದ್ದಿತು. ಅದೇ ಶುಕ್ರವಾರ ‘ದ ಸಿಕ್ಸ್ತ್ ಸೆನ್ಸ್’ ತೆರೆಕಂಡು ಜನರನ್ನೆಲ್ಲ ತನ್ನ ಕಡೆಗೆ ಸೆಳೆದುಕೊಂಡಿತು. ಆದರೆ ಸೋಲಿಗೆ ಅದೊಂದೇ ಕಾರಣವಲ್ಲ. ಸೂಪರ್‌ಹೀರೋ ಚಿತ್ರಗಳೇ ಆಗ ಇಳಿಗಾಲದಲ್ಲಿದ್ದವು: 1997ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಆ ಪ್ರಕಾರದ ಮಾನವನ್ನೇ ಕಳೆದಿತ್ತು, ‘ಎಕ್ಸ್-ಮೆನ್’ ಬರಲು ಇನ್ನೂ ಒಂದು ವರ್ಷವೂ, ‘ಸ್ಪೈಡರ್-ಮ್ಯಾನ್’ ಬರಲು ಮೂರು ವರ್ಷವೂ ಇದ್ದವು. ಪ್ರಾಯೋಜಕರ ಬಿಲ್ಲೆ ಹೊತ್ತ ವೀರ, ವೀರರನ್ನು ಆರಿಸುವ ಪರೀಕ್ಷೆ, ವೀರರ ಪಡೆಕಟ್ಟುವ ಹುರುಡು, ಇವೆಲ್ಲವನ್ನೂ ‘ಮಿಸ್ಟರಿ ಮೆನ್’ ಅಣಕಿಸಿದಾಗ, ಅಣಕಕ್ಕೆ ಗುರಿಯಾಗಬೇಕಾದ ಮಹಾಪ್ರವಾಹ ಇನ್ನೂ ಹರಿದುಬಂದಿರಲಿಲ್ಲ. ಕೂಸು ಹುಟ್ಟುವ ಮುನ್ನ ಹೊಲಿದ ಕುಲಾವಿಯಾಯಿತು ಅದರ ಹಣೆಬರಹ. ಕಿಂಕಾ ಅಶರ್ ಜಾಹೀರಾತು ಲೋಕಕ್ಕೆ ಮರಳಿದರು, ಮತ್ತೊಂದು ಕಥಾಚಿತ್ರವನ್ನು ನಿರ್ದೇಶಿಸಲಿಲ್ಲ. ಚಿತ್ರದ ನಿರ್ಮಾಪಕರಲ್ಲಿ ಲಾರೆನ್ಸ್ ಗಾರ್ಡನ್ ಮತ್ತು ಲಾಯ್ಡ್ ಲೆವಿನ್ ಮುಂದೆ 2009ರಲ್ಲಿ ‘ವಾಚ್‌ಮೆನ್’ ಎಂಬ ಗಂಭೀರವಾದ ವೀರಚಿತ್ರವನ್ನು ಹೊರತಂದರು. ಸ್ಮ್ಯಾಶ್ ಮೌತ್ ತಂಡದ ‘ಆಲ್ ಸ್ಟಾರ್’ ಎಂಬ ಹಾಡು ಈ ಚಿತ್ರದಲ್ಲಿದ್ದು, ಹಾಡಿನ ವಿಡಿಯೋದಲ್ಲಿ ಚಿತ್ರದ ನಟರೇ ಕಾಣಿಸಿಕೊಂಡಿದ್ದರು. ಎರಡು ವರ್ಷಗಳ ಅನಂತರ ‘ಶ್ರೆಕ್’ ಚಿತ್ರ ಅದನ್ನು ಎತ್ತಿಕೊಂಡಿತು, ಇಂದು ಆ ಹಾಡನ್ನು ಕೇಳಿದ ಮಕ್ಕಳಿಗೆ ನೆನಪಾಗುವುದು ಹಸಿರು ಬಣ್ಣದ ಆ ರಾಕ್ಷಸನೇ. ಸಲಿಕೆಯ ವೀರ ಅವನ ಸ್ವಂತ ಹಾಡಿನಿಂದಲೂ ಹೊರಬಿದ್ದನೆಂಬುದು ನನ್ನನ್ನು ಈಗಲೂ ಕಲಕುತ್ತದೆ.

ಬರ್ಡನ್ ಮಾತ್ರ ತನ್ನ ಗಜ್ಜರಿಯನ್ನು ಬಿಡಲಿಲ್ಲ. ಚಿತ್ರ ಸೋತು ಐದು ವರ್ಷವಾದ ಮೇಲೆ, 2004ರಲ್ಲಿ, ಇಮೇಜ್ ಕಾಮಿಕ್ಸ್ ಎಂಬ ಮತ್ತೊಂದು ಪ್ರಕಾಶನದ ಆಶ್ರಯದಲ್ಲಿ ಅವನನ್ನು ಪುನಃ ಹೊರಡಿಸಿದನು. ನೆತ್ತಿಯ ಬೆಂಕಿ ಆರಿರಲಿಲ್ಲ, ರಬ್ಬರಿನ ಪಾದರಕ್ಷೆಯೂ ಕಾಲಿನಲ್ಲಿಯೇ ಇತ್ತು. ಪುಸ್ತಕಗಳ ರಾಶಿಯ ನಡುವೆ ನೆಲದ ಮೇಲೆ ಕುಳಿತು, ಪಂದ್ಯವನ್ನು ಮರೆತು, ಹಸಿವನ್ನು ಮರೆತು, ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈಚಾಚುತ್ತಿರುವ ಮನುಷ್ಯನೊಬ್ಬನನ್ನು, ಐದು ಸಾವಿರದ ಕೊನೆಯ ಪುಟ ಮಗುಚುವವರೆಗೆ ಕ್ಯಾಮೆರಾ ಕದಲಿಸದೆ ನೋಡುತ್ತ ಕೂರುವ ಚಿತ್ರವೊಂದಕ್ಕಾಗಿ ನಾನು ಕಾದಿದ್ದೇನೆ.