ಮನೆಗಿಂತ ಮೊದಲು ಬೀದಿ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ ಬಸ್ಸಿಳಿದಾಗ ಬೆಳಗ್ಗೆ ಏಳೂಕಾಲು. ಫೆಬ್ರುವರಿಯ ಕೊನೆಯ ವಾರ. ಬಾಡಿಗೆ ಮನೆ ನೋಡಲು ಬಂದಿದ್ದೆ. ಬಡಾವಣೆಯ ಹೆಸರು ಇಲ್ಲಿ ಮುಖ್ಯವಲ್ಲ. ಇಂಥವು ಈ ಊರಲ್ಲಿ ಹತ್ತಾರಿವೆ, ನಾನು ಕಂಡದ್ದನ್ನು ಯಾರಾದರೂ ತಮ್ಮ ಬೀದಿಯಲ್ಲೂ ಕಾಣಬಹುದು.

ಎರಡು ಚಳಿಗಾಲದಿಂದ ಅಮ್ಮನಿಗೆ ಉಬ್ಬಸ ಜಾಸ್ತಿಯಾಗಿದೆ. ಈಗಿರುವ ಮನೆಯ ಕಿಟಕಿ ತೆರೆದರೆ ಎದುರಿಗೇ ಸಿಗ್ನಲ್. ಸಾಧ್ಯವಾದರೆ ಮನೆ ಬದಲಾಯಿಸಿ ಎಂದು ಡಾಕ್ಟರು ಹೇಳಿದ ಮೇಲೆ, ನೀರು, ಬಾಡಿಗೆ, ಬಸ್ಸಿನ ಅನುಕೂಲದ ಜೊತೆಗೆ ಗಾಳಿಯನ್ನೂ ನೋಡಿಯೇ ಮನೆ ಹಿಡಿಯಬೇಕು ಎಂದುಕೊಂಡೆ. ಗಾಳಿಯನ್ನು ನೋಡುವುದು ಹೇಗೆ? ನನ್ನ ಬಳಿ ಇದ್ದದ್ದು ಮೊಬೈಲು ಮತ್ತು ಒಂದು ಬಿಳಿ ಕರ್ಚೀಫು.

ಮೊಬೈಲು ಆ ಹೊತ್ತಿಗೆ 'ತೃಪ್ತಿಕರ' ಎಂದು ತೋರಿಸುತ್ತಿತ್ತು. ನಮ್ಮ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 51ರಿಂದ 100ರವರೆಗಿನ ಅಂಕಕ್ಕೆ ಆ ಹೆಸರು. ಆದರೆ ಗಾಳಿಯನ್ನು ಅಳೆಯುವ ಯಂತ್ರ ಇರುವುದು ಅಲ್ಲಿಂದ ಕೆಲವು ಕಿಲೋಮೀಟರ್ ಆಚೆ. ಸಣ್ಣ ಕಣಗಳ ಲೆಕ್ಕವೂ 24 ಗಂಟೆಗಳ ಸರಾಸರಿಯದು. ಈಗಷ್ಟೇ ಹೊಗೆಯುಗುಳಿ ಹೋದ ಬಸ್ಸು ಆ ಅಂಕದಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯವೂ ಇದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲ ದಪ್ಪದಲ್ಲಿ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲಿನಷ್ಟಿರುವವು, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇವುಗಳಿಗೆ ನಮ್ಮ ದೇಶದ ಮಿತಿ ದಿನಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿಗೆ 40. 2021ರ ಜಾಗತಿಕ ಮಾರ್ಗಸೂಚಿ ಹೇಳುವುದು ದಿನಕ್ಕೆ 15, ವರ್ಷಕ್ಕೆ 5. ಹಾಗಾಗಿ 'ತೃಪ್ತಿಕರ' ಎಂಬ ಮಾತನ್ನು ನಂಬಿ ಉಬ್ಬಸದವರನ್ನು ಕರೆತರಲು ನನಗೆ ಧೈರ್ಯ ಬರಲಿಲ್ಲ. ಮೊಬೈಲನ್ನು ಚೀಲಕ್ಕೆ ಹಾಕಿ ನಡೆಯತೊಡಗಿದೆ.

ಮುಖ್ಯರಸ್ತೆಯ ಮೊದಲ ಮನೆಯ ಕಾಂಪೌಂಡಿನಿಂದ ನಂದಿಬಟ್ಟಲು ಗಿಡ ಹೊರಗೆ ಬಾಗಿತ್ತು. ನಯವಾದ, ದಪ್ಪನೆಯ ಎಲೆ. ಒಂದು ಎಲೆಯನ್ನು ಕರ್ಚೀಫಿನ ಮೂಲೆಯಿಂದ ಒರೆಸಿದೆ. ಬಟ್ಟೆಯ ಮೇಲೆ ಎಲೆಯ ಆಕಾರವೇ ಕಪ್ಪಗೆ ಮೂಡಿತು. ಮಣ್ಣಿನ ಕಂದುಬಣ್ಣವಲ್ಲ, ಲಾಟೀನಿನ ಗಾಜಿಗೆ ಹಿಡಿಯುವಂಥ ಮಸಿ. ಬೆರಳಲ್ಲಿ ಉಜ್ಜಿದರೆ ಜಿಡ್ಡು. ಡೀಸೆಲ್ ಹೊಗೆ, ಟೈರು ಸವೆದ ಪುಡಿ, ಬ್ರೇಕಿನ ಪುಡಿ ಎಲ್ಲ ಸೇರಿ ಹೀಗಾಗುತ್ತದೆ. ಕರ್ಚೀಫಿಗೆ ಅಂಟುವುದು ದಪ್ಪ ಧೂಳು, ನಿಜ. ಎದೆಗಿಳಿಯುವ ಕಣ ಕಣ್ಣಿಗೆ ಕಾಣುವುದಿಲ್ಲ. ಆದರೂ ವಾಹನದ ಹೊಗೆ ಹೆಚ್ಚಿರುವ ಕಡೆ ಎರಡೂ ಜೊತೆಯಾಗಿಯೇ ಇರುತ್ತವೆ.

ಆ ರಸ್ತೆಯಲ್ಲೂ ಮರಗಳಿದ್ದವು. ಎರಡು ಬದಿಯ ಮಳೆಮರಗಳು ಮೇಲೆ ಕೈಕೈ ಹಿಡಿದು ಚಪ್ಪರ ಹಾಕಿದ್ದವು. ನೋಡಲು ಬಹಳ ಚೆಂದ. ಮರವಿದ್ದ ಮೇಲೆ ಗಾಳಿಯೂ ಚೆನ್ನಾಗಿರುತ್ತದೆ ಎಂದೇ ನಾನೂ ತಿಳಿದಿದ್ದೆ. ಆದರೆ ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ರಸ್ತೆಯಲ್ಲಿ, ಕೆಳಗೆ ವಾಹನಗಳು ಸಾಲುಗಟ್ಟಿದ್ದರೆ, ದಟ್ಟ ಚಪ್ಪರ ಹೊಗೆ ಮೇಲೇರದಂತೆ ತಡೆಯುವುದೂ ಉಂಟು. ಎಲೆ ಧೂಳನ್ನು ಹಿಡಿಯುತ್ತದೆ, ನೆರಳು ತಂಪು ಕೊಡುತ್ತದೆ. ಆದರೆ ಬಸ್ಸಿನ ಹೊಗೆಯನ್ನೆಲ್ಲ ನುಂಗುವ ಹೊರೆಯನ್ನು ಮರದ ಮೇಲೆ ಹಾಕಬಾರದು.

ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಅಡ್ಡರಸ್ತೆಗಳಿಗೆ ನಡೆದೆ. ಎರಡನೇ ಕ್ರಾಸ್ ದಾಟುವಷ್ಟರಲ್ಲಿ ಸದ್ದು ಇಳಿಯಿತು, ಕೋಗಿಲೆಯ ದನಿ ಕೇಳಿಸಿತು. ಇನ್ನೇನು ಉಸಿರು ತುಂಬಿಕೊಳ್ಳಬೇಕು, ಘಾಟು ಮೂಗಿಗೆ ಬಡಿಯಿತು. ಮೋರಿಯ ಪಕ್ಕ ಉದುರೆಲೆಯ ಗುಡ್ಡೆಗೆ ಬೆಂಕಿ ಹಚ್ಚಿದ್ದರು. ಹೊಗೆ ಮೇಲೇರದೆ ಸೊಂಟದೆತ್ತರದಲ್ಲಿ ಚಾಪೆಯಂತೆ ಹಾಸಿಕೊಂಡಿತ್ತು. ಚಳಿ ಬಿಡದ ಬೆಳಗಿನಲ್ಲಿ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಂತಿರುತ್ತದೆ. ಬಿಸಿಲೇರಿ ನೆಲ ಕಾಯುವವರೆಗೆ ಹೊಗೆಗೆ ಮೇಲೆ ದಾರಿಯಿಲ್ಲ.

ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದ ಪೌರಕಾರ್ಮಿಕ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

"ಇದನ್ನ ಗಾಡಿಗೆ ಹಾಕಕ್ಕಾಗಲ್ವೇನಮ್ಮ?" ಎಂದೆ.

"ಎಲೆ ಬ್ಯಾಡ ಅಂತಾರೆ ಅಕ್ಕ. ನಾ ಹಚ್ಚಿದ್ದಲ್ಲ, ಗುಡ್ಡೆ ಮಾಡಿಟ್ಟು ಆ ಕಡೆ ಹೋಗಿ ಬರೋದ್ರೊಳಗೆ ಯಾರೋ ಹಚ್ಚವ್ರೆ," ಎಂದರು.

ಅಡ್ವಾನ್ಸ್ ಕೈಯಲ್ಲಿ ಹಿಡಿದು ಗಾಳಿ ಆರಿಸುತ್ತಾ ಹೊರಟ ನನಗೆ ಆ ಮಾತು ಚುಚ್ಚಿತು. ಈ ಬೀದಿ ಸರಿಯಿಲ್ಲ ಎನಿಸಿದರೆ ನಾನು ಮುಂದಿನ ಬೀದಿಗೆ ಹೋಗಬಹುದು. ಅವರಿಗೆ ನಾಳೆ ಬೆಳಗ್ಗೆಯೂ ಇದೇ ಬೀದಿ, ಇದೇ ಹೊಗೆ.

ಮೂರನೇ ಕ್ರಾಸಿನಲ್ಲಿ ಮೊದಲ ಟು-ಲೆಟ್ ಬೋರ್ಡು. ಮಹಡಿಯ ಮನೆ. ವಯಸ್ಸಾದ ಯಜಮಾನಿ ಮೆಲ್ಲಗೆ ಮೆಟ್ಟಿಲು ಹತ್ತಿ ಬಾಗಿಲು ತೆಗೆದುಕೊಟ್ಟರು. ವಿಶಾಲವಾದ ಹಾಲ್, ದೊಡ್ಡ ಕಿಟಕಿಗಳು. ಮಲಗುವ ಕೋಣೆ ಮಾತ್ರ ಪಶ್ಚಿಮಕ್ಕೆ, ಅತ್ತ ಒಂದು ಮರವೂ ಇಲ್ಲ, ಕಿಟಕಿಗೆ ಸಜ್ಜಾ ಗೇಣುದ್ದ. ಮೇಲೆ ಬರಿಯ ತಾರಸಿ. ಕಡಲಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಇಲ್ಲಿ ಎಂಥ ಸೆಕೆ ಎನ್ನುವ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರು 39.2 ಡಿಗ್ರಿ ಕಂಡಿದೆ. "ಸಂಜೆ ಒಂದು ಸಲ ಬಂದು ನೋಡಬಹುದಾ ಅಮ್ಮ?" ಎಂದೆ. "ಧಾರಾಳವಾಗಿ ಬನ್ನಿ," ಎಂದರು.

ಅಲ್ಲಿಂದ ಪಾರ್ಕಿಗೆ ಹೋದೆ. ಹುಲ್ಲು, ಹೂವಿಗಿಂತ ಮರದ ಬೊಡ್ಡೆಗಳನ್ನೇ ನೋಡುತ್ತಾ ನಡೆದೆ. ಒಳಗಿನ ಮಾವಿನ ಬೊಡ್ಡೆಯ ಮೇಲೆ ಅಂಗೈಯಗಲದ ಬೂದು-ಹಸಿರು ತೇಪೆಗಳಿದ್ದವು. ಹತ್ತಿರದಿಂದ ನೋಡಿದರೆ ಅಂಚು ಸುರುಳಿಗಟ್ಟಿದ, ಒಣ ಸೊಪ್ಪಿನಂಥ ಪದರ. ಬಿಸಿಬೇಳೆ ಬಾತಿನ ಪುಡಿಗೆ ಹಾಕುವ ಕಲ್ಲುಹೂವಿನ ಬಳಗ. ಇದಕ್ಕೆ ಬೇರಿಲ್ಲ. ನೀರು, ಪೋಷಣೆ ಎಲ್ಲ ಗಾಳಿ-ಮಳೆಯಿಂದಲೇ. ಗಾಳಿ ಕೆಟ್ಟರೆ ಮೊದಲು ಸೊರಗುವವರಲ್ಲಿ ಇದೂ ಒಂದು. ಪ್ಯಾರಿಸ್‌ನ ಉದ್ಯಾನವೊಂದರಲ್ಲಿ ಸಸ್ಯವಿಜ್ಞಾನಿಯೊಬ್ಬರು 1866ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಮುಖ್ಯರಸ್ತೆಗೆ ತಾಗಿದ ಬೇಲಿಯ ಪಕ್ಕದ ಮರಗಳಿಗೆ ಬಂದರೆ ಆ ಸೊಪ್ಪಿನಂಥ ಪದರ ಒಂದೂ ಇಲ್ಲ, ತೊಗಟೆಗೆ ಬರೀ ಕಪ್ಪು. ನೆರಳು, ತೇವ, ತೊಗಟೆಯ ಗುಣವೂ ಕಲ್ಲುಹೂವನ್ನು ತೀರ್ಮಾನಿಸುತ್ತವೆ. ಇದೊಂದನ್ನೇ ನೋಡಿ ತೀರ್ಪು ಕೊಡಲಾರೆ. ಆದರೆ ನೂರು ಹೆಜ್ಜೆಯ ಅಂತರದಲ್ಲಿ ಇಷ್ಟು ವ್ಯತ್ಯಾಸ ಕಂಡ ಮೇಲೆ ಒಂದು ಬಡಾವಣೆಗೆಲ್ಲ ಒಂದೇ ಗಾಳಿ ಎಂದು ನಂಬುವುದು ಕಷ್ಟವಾಯಿತು.

ಬಡಾವಣೆಯ ಆಚೆ ತುದಿಯಲ್ಲಿ ಹೊಸದಾಗಿ ಬೆಳೆದ ಭಾಗವಿದೆ. ಅಲ್ಲಿಗೆ ಹೋಗುವಾಗ ಹನ್ನೊಂದು ಗಂಟೆ. ಅಗಲ ರಸ್ತೆ, ಹೊಸ ಮನೆಗಳು, ರಸ್ತೆಗೆ ನೆರಳೇ ಇಲ್ಲ. ಮೂರು ಕಡೆ ಕಟ್ಟಡದ ಕೆಲಸ. ಒಂದೆಡೆ ಗ್ರಾನೈಟ್ ಕತ್ತರಿಸುತ್ತಿದ್ದರು, ಬಿಳಿ ಪುಡಿ ಬೀದಿಯುದ್ದಕ್ಕೂ ತೇಲುತ್ತಿತ್ತು. ಅಲ್ಲಿಯ ನಂದಿಬಟ್ಟಲು ಕರ್ಚೀಫಿನ ಎರಡನೆಯ ಮೂಲೆಯನ್ನು ಬೂದಿಬಣ್ಣ ಮಾಡಿತು. ಇದು ಕಟ್ಟಡ ಮುಗಿಯುವವರೆಗಿನ ಧೂಳು ಎನ್ನಬಹುದು. ಆದರೆ ಸಾಲಾಗಿ ಇನ್ನೂ ಖಾಲಿ ನಿವೇಶನಗಳಿದ್ದವು, ಒಂದು ಮುಗಿದರೆ ಇನ್ನೊಂದು. ಕಾಂಪೌಂಡಿನ ಗೋಡೆ ಮುಟ್ಟಿದೆ, ಆಗಲೇ ಸುಡುತ್ತಿತ್ತು.

ಮರಳಿ ಬರುವಾಗ ನಾಲ್ಕನೇ ಕ್ರಾಸಿನಲ್ಲಿ ಇನ್ನೊಂದು ಬೋರ್ಡು ಕಂಡಿತು. ನೆಲಮಹಡಿಯ ಪುಟ್ಟ ಮನೆ, ಅಡುಗೆಮನೆಯಲ್ಲಿ ಬೆಳಕು ಕಮ್ಮಿ. ಪಶ್ಚಿಮದ ಗೇಟಿನ ಬಳಿ ಒಂದು ಹೊಂಗೆ. ಎಲೆ ಉದುರಿಸಿ ಬರಿದಾಗಿತ್ತು, ರೆಂಬೆಗಳ ತುದಿಯಲ್ಲಿ ಚಿಗುರಿನ ಮೊನೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವುದು ಸುಮ್ಮನೆ ಅಲ್ಲ. ಚಳಿಯಲ್ಲಿ ಬಿಸಿಲು ಬಿಟ್ಟುಕೊಡುತ್ತದೆ, ಯುಗಾದಿಯ ಹೊತ್ತಿಗೆ ಬಿಸಿಲು ಕೆರಳುವಾಗ ಚಿಗುರಿ ನೆರಳಾಗುತ್ತದೆ. ಆ ಮನೆಯ ಗಿಡದ ಎಲೆ ಕರ್ಚೀಫಿನ ಮೂರನೆಯ ಮೂಲೆಯಲ್ಲಿ ತಿಳಿ ಕಂದು ಗೆರೆ ಬಿಟ್ಟಿತು. ಮನೆಯವರು ಗಿಡಕ್ಕೆ ಪೈಪಿನಲ್ಲಿ ನೀರು ಹಾಯಿಸಿ ಎಲೆ ತೊಳೆದಿರಲೂಬಹುದು. ಆದರೆ ಮಸಿಯ ಜಿಡ್ಡು ಇರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ, ಮುಖ್ಯರಸ್ತೆ ಇರುವುದೂ ಮೂಡಣಕ್ಕೆ. ಮಳೆಯಿಲ್ಲದ ಆ ತಿಂಗಳುಗಳಲ್ಲಿ ರಸ್ತೆಯ ಹೊಗೆ ಇತ್ತಲೇ ಬರುತ್ತದೆ. ನಡುವೆ ನಾಲ್ಕು ಸಾಲು ಮನೆ, ಮರಗಳಿರುವುದು ಅಷ್ಟರಮಟ್ಟಿಗೆ ಸಮಾಧಾನ.

ಸಂಜೆ ಏಳಕ್ಕೆ ಮತ್ತೆ ಮಹಡಿ ಮನೆಗೆ ಹೋದೆ. ಸೂರ್ಯ ಮುಳುಗಿ ಹೊತ್ತಾಗಿದ್ದರೂ ಮಲಗುವ ಕೋಣೆಯ ಗೋಡೆ ಒಲೆಯ ಪಕ್ಕದ ಗೋಡೆಯಂತೆ ಬೆಚ್ಚಗಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಗುಡುಗಿತು. ಅದರ ಹೊಗೆಕೊಳವೆ ಸರಿಯಾಗಿ ಈ ಕಿಟಕಿಯ ಎತ್ತರಕ್ಕೆ. ಬೆಳಗ್ಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಒಂದೇ ಸಲ ನೋಡಿ ಅಡ್ವಾನ್ಸ್ ಕೊಟ್ಟಿದ್ದರೆ ಅಮ್ಮನನ್ನು ನಾನೇ ಆ ಹೊಗೆಯ ಮುಂದೆ ಮಲಗಿಸುತ್ತಿದ್ದೆ. ಮನೆಯನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೋಡಬೇಕು, ಅದಕ್ಕಿಂತ ಮೊದಲು ಬೀದಿಯನ್ನು ನೋಡಬೇಕು ಎಂಬ ಮಾತು ಅಲ್ಲಿ ಗಟ್ಟಿಯಾಯಿತು.

ವಾರದ ನಂತರ ಅಮ್ಮನನ್ನೇ ಕರೆತಂದೆ. ಮುಖ್ಯರಸ್ತೆಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತರು. ನಾಲ್ಕನೇ ಕ್ರಾಸಿಗೆ ಬಂದಾಗ ಯಾವುದೋ ಹಳೆಯ ಮದುವೆಯ ಸಂಗತಿ ಹೇಳುತ್ತಾ, ನಿಲ್ಲದೆ ಗೇಟಿನವರೆಗೆ ನಡೆದರು. ಒಂದು ಬೆಳಗಿನ ನಡಿಗೆಯಿಂದ ಉಬ್ಬಸ ವಾಸಿಯಾಯಿತೆಂದು ಹೇಳಲಾರೆ. ಕೆಲವರಿಗೆ ಹೂವಿನ ಪರಾಗವೂ ಆಗುವುದಿಲ್ಲ, ಹೊಂಗೆ ಹೂಬಿಟ್ಟಾಗ ಏನಾಗುತ್ತದೋ ನೋಡಬೇಕು.

ಅಮ್ಮ ಮನೆಯೊಳಗೆ ಹೋಗಲೇ ಇಲ್ಲ. ಹೊಂಗೆಯ ಬುಡದಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಫುಟ್‌ಪಾತಿನ ಕಾಂಕ್ರೀಟು ಬೊಡ್ಡೆಯನ್ನು ಬಿಗಿಯಾಗಿ ಸುತ್ತಿ ಕೂತಿತ್ತು, ಒಂದು ಬೆರಳು ತೂರುವಷ್ಟೂ ಮಣ್ಣು ಕಾಣುತ್ತಿರಲಿಲ್ಲ.

"ಇದಕ್ಕೆ ನೀರು ಎಲ್ಲಿಂದ ಹೋಗುತ್ತೆ?" ಎಂದರು.

ಇಡೀ ದಿನ ಎಲೆ ಒರೆಸಿ, ತೊಗಟೆ ನೋಡಿ, ಗೋಡೆ ಮುಟ್ಟಿದ ನಾನು ಮರದ ಬುಡವನ್ನು ನೋಡಿರಲಿಲ್ಲ. ಮರ ನಮಗೇನು ಕೊಡುತ್ತದೆ ಎಂದಷ್ಟೇ ಅಳೆದಿದ್ದೆ. ಅಡ್ವಾನ್ಸ್ ಕೊಟ್ಟ ದಿನ ಯಜಮಾನರನ್ನು ಮೊದಲು ಕೇಳಿದ್ದು, ಬುಡದ ಸುತ್ತ ಎರಡಡಿ ಕಾಂಕ್ರೀಟು ತೆಗೆಸಲು ಯಾರನ್ನು ಕೇಳಬೇಕು ಎಂದು. ಬೀಗದ ಕೈಯ ಮಾತು ಆಮೇಲೆ ಬಂತು.